ದೊಡ್ಡಸಿದ್ದಯ್ಯ ತಿರುಗಿ ನೋಡಲಿಲ್ಲ

ಮದ್ದೂರು ರೈಲ್ವೆ ಸ್ಟೇಷನ್ನಿನ ಮುಂದೆ ಇಪ್ಪತ್ತೆರಡು ವರ್ಷ ಜಟಕಾ ಓಡಿಸಿದ ದೊಡ್ಡಸಿದ್ದಯ್ಯ ಒಂದು ದಿನವೂ ಹಿಂದೆ ತಿರುಗಿ ನೋಡಿದವನಲ್ಲ. ಅವನ ಕತ್ತಿನಲ್ಲಿ ಏನೂ ದೋಷವಿರಲಿಲ್ಲ. ಜಟಕಾದಲ್ಲಿ ಹಿಂದೆ ಕೂರುವವರು ಮನೆತನದ ಹೆಣ್ಣುಮಕ್ಕಳು. ಬಾಣಂತನಕ್ಕೆ ಬಂದವರು, ತವರು ಬಿಟ್ಟು ಹೊರಟು ಅಳುತ್ತಿರುವವರು, ಕೂಸಿಗೆ ಹಾಲೂಡುವವರು. ಓಡಿಸುವವನ ಕಣ್ಣು ಕುದುರೆಯ ಎರಡು ಕಿವಿಗಳ ಮಧ್ಯೆ ಇರಬೇಕು, ಅಲ್ಲಿಂದ ಕದಲಬಾರದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಇಳಿಯಬೇಕಾದವರು ಪಕ್ಕದ ಹಲಗೆಗೆ ಎರಡು ಸಲ ಬಡಿಯಬೇಕು. ಟಕ್ ಟಕ್ ಎಂದರೆ ಗಾಡಿ ನಿಂತಿತು. ಬಾಯಲ್ಲಿ ಎಷ್ಟು ಕೂಗಿದರೂ ನಿಲ್ಲುತ್ತಿರಲಿಲ್ಲ. ಪೇಟೆ ಬೀದಿಯಲ್ಲಿ ಕೂಗುವವರು ಸಾವಿರ ಜನ, ಎಲ್ಲರ ಮಾತಿಗೂ ಕುದುರೆ ನಿಲ್ಲಿಸುತ್ತ ಹೋದರೆ ಬದುಕು ಸಾಗುವುದುಂಟೆ?

ಅವನ ಹೆಂಡತಿಯ ತಮ್ಮ ಚಿಕ್ಕಣ್ಣ ಮಳವಳ್ಳಿ ಬಸ್ಸಿನ ಡ್ರೈವರು. ಬಾವನನ್ನು ಒಂದು ಸಲವಾದರೂ ತಿರುಗಿಸಿಯೇ ಬಿಡಬೇಕು ಎಂಬುದು ಅವನ ಹುಟ್ಟುಹಟ. ಹೋಟೆಲಿನ ಜಗಲಿಯ ಮೇಲೆ ಕೂತು ಕೂಗುತ್ತಿದ್ದ.

"ಬಾವ, ಗಾಡಿ ಚಕ್ರ ಕಳಚ್ಕತಾ ಅದೆ!"

"ಬಾವ, ಇಂದೆ ಕೂತಿದ್ದ ಅಜ್ಜಿ ಬಿದ್ದೋದ್ಲು ಕಣೋ!"

ದೊಡ್ಡಸಿದ್ದಯ್ಯ ತಿರುಗುತ್ತಿರಲಿಲ್ಲ. ಒಂದು ಸಲ ಯಾರದೋ ಟ್ರಂಕು ನಿಜವಾಗಿಯೇ ಬಿತ್ತು. ಆಗಲೂ ತಿರುಗಲಿಲ್ಲ. ಎದುರಿಗೆ ಬರುತ್ತಿದ್ದ ಸೊಪ್ಪಿನವಳನ್ನು ನಿಲ್ಲಿಸಿ, "ನೋಡವ್ವ, ನನ್ನ ಗಾಡಿ ಇಂದೆ ಏನಾರ ಬಿದ್ದದಾ? ಬಿದ್ದಿದ್ರೆ ಎಷ್ಟು ದೂರದಲ್ಲದೆ?" ಎಂದು ಕೇಳಿ, ಕುದುರೆಯನ್ನು ಪೂರ್ತಿ ಸುತ್ತು ಹಾಕಿಸಿಕೊಂಡು ಬಂದು ಟ್ರಂಕನ್ನು ಎದುರಿನಿಂದಲೇ ಎತ್ತಿಕೊಂಡ. ಹೀಗಾಗಿ ಅಗ್ರಹಾರದ ತಿರುಮಲಮ್ಮನವರಂಥ ಹಿರಿಯರು, ಅವನ ಜಟಕಾ ಇಲ್ಲವೆಂದರೆ ಸ್ಟೇಷನ್ನಿನಲ್ಲೇ ಕೂತು ಕಾಯುತ್ತಿದ್ದರು.

ಎಪ್ಪತ್ತರ ದಶಕ ಬಂತು. ಬಸ್ಸುಗಳು ಹೆಚ್ಚಿದವು, ಜಟಕಾಗಳು ಕರಗಿದವು. ಅಂಥ ಒಂದು ವರ್ಷ, ಮಳವಳ್ಳಿಯಾಚೆ ಬ್ಲಫ್ ಎಂಬಲ್ಲಿ ಕರೆಂಟು ತಯಾರಿಸುವ ಮನೆಗೆ ದೊಡ್ಡದೊಂದು ಟ್ರಾನ್ಸ್‌ಫಾರ್ಮರು ಬರುತ್ತದೆ, ಮದ್ದೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ರಸ್ತೆಯಲ್ಲಿ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಸಾಗಿಸುವ ಕಂಪನಿಯವರಿಗೆ ಒಬ್ಬ ಡ್ರೈವರು ಬೇಕಾಗಿದ್ದ. ಕೆಲಸ ಇಷ್ಟೇ: ಲೋಡಿನ ಮುಂದೆ ನೂರು ಗಜ ದೂರದಲ್ಲಿ ಜೀಪು ಓಡಿಸಿಕೊಂಡು ಹೋಗುವುದು, ಕೆಂಪು ಬಾವುಟ ತೋರಿಸಿ ಗಾಡಿಗಳನ್ನು ಪಕ್ಕಕ್ಕೆ ಸರಿಸುವುದು, ಅಡ್ಡ ಬಂದ ಕೊಂಬೆ ಕಡಿಸುವುದು, ತಂತಿ ಎತ್ತಿಸುವುದು. ಖಾಕಿ ಬಟ್ಟೆ, ಪೀಪಿ, ತಿಂಗಳ ಸಂಬಳ. ಈ ಒಂದು ಲೋಡನ್ನು ಬ್ಲಫಿಗೆ ಸರಿಯಾಗಿ ಮುಟ್ಟಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಬೇರೆಯವನು.

ದೊಡ್ಡಸಿದ್ದಯ್ಯ ಟ್ರಾಕ್ಟರಿನಲ್ಲಿ ಡ್ರೈವಿಂಗು ಕಲಿತ. ಲೈಸನ್ಸು ಕೊಡುವ ಸಾಹೇಬರು ಪಕ್ಕದಲ್ಲಿ ಕೂತಾಗ, ನಿಲ್ಲಿಸಬೇಕಾದಲ್ಲಿ ಸ್ಟೇರಿಂಗನ್ನು ಎದೆಗೆ ಎಳೆದುಕೊಂಡು "ಹೋ, ಹೋ" ಎಂದ. ಆಮೇಲೆ ನೆನಪಾಗಿ ಬ್ರೇಕು ತುಳಿದ. ಹಿಂದಕ್ಕೆ ತಗೋ ಎಂದರು. ತಿರುಗದೆಯೇ ತಗೊಂಡ. ಪುಣ್ಯಕ್ಕೆ ಹಿಂದೆ ಏನೂ ಇರಲಿಲ್ಲ. ಲೈಸನ್ಸು ಬಂತು.

ಕುದುರೆಯನ್ನು ಹನಕೆರೆಯ ದಾಯಾದಿಗೆ ಕೊಟ್ಟುಬಿಟ್ಟ. ಅವನ ಹೆಂಡತಿ ಸಣ್ಣತಾಯಮ್ಮ ಬಾಗಿಲಲ್ಲಿ ನಿಂತು ಕುದುರೆ ಹೋಗುವುದನ್ನು ನೋಡಿದಳು.

"ನೋಡು, ನಾಳಿಕ್ಕೆ ಈ ಕೆಲ್ಸ ಓಯ್ತು ಅಂತ ಮನೀಗೆ ಬಂದ್ರೆ ಜಟಕಾಕ್ಕೆ ನಿನ್ನೇ ಕಟ್ತೀನಿ. ಮೂರು ಮಕ್ಕಳವೆ, ತಿಳ್ಕ."

"ಓಗಲ್ಲ ಕಣಮ್ಮಿ. ರೋಡು ಅದೇ ರೋಡು. ಮುಂದ್ಲ ಕುದ್ರೆ ಬದ್ಲಾಗದೆ, ಅಷ್ಟೆಯ."

ನಾನು ಆ ಲೋಡಿನ ಜೊತೆ ನಡೆದವನು. ಹೊನ್ನಯ್ಯ ಅಂತ ನನ್ನ ಹೆಸರು. ಟ್ರೇಲರು ನಿಂತಾಗ ಚಕ್ರದ ಕೆಳಗೆ ಮರದ ದಿಮ್ಮಿ ಕೊಡುವುದು, ಹೊರಟಾಗ ತೆಗೆಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಹಿಂದೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಂದೆ ನಡೆದದ್ದನ್ನು ಬಸ್ಸಿನಲ್ಲಿದ್ದವರು, ದಾರಿಯಲ್ಲಿದ್ದವರು ಇಪ್ಪತ್ತು ವರ್ಷ ಹೇಳಿ ಹೇಳಿ ಅದೂ ನಾನೇ ಕಂಡಷ್ಟಾಗಿದೆ.

ಹೊರಡುವ ಬೆಳಿಗ್ಗೆ ಮದ್ದೂರಿಗೆ ಮದ್ದೂರೇ ಸ್ಟೇಷನ್ನಿನ ಹತ್ತಿರ ಸೇರಿತ್ತು. ಟ್ರೇಲರಿಗೆ ಮೂವತ್ತೆರಡು ಚಕ್ರ. ಅದರ ಮೇಲೆ ಎಪ್ಪತ್ತು ಟನ್ನಿನ ಟ್ರಾನ್ಸ್‌ಫಾರ್ಮರು, ಎರಡಂತಸ್ತಿನ ಮನೆಯನ್ನು ಬುಡಸಮೇತ ಕಿತ್ತಿಟ್ಟ ಹಾಗೆ. ದೊಡ್ಡಸಿದ್ದಯ್ಯ ಬಂದವನೇ ನೇರವಾಗಿ ಜೀಪು ಹತ್ತಿ, ಕಣ್ಣು ಮುಂದಕ್ಕೆ ನೆಟ್ಟು ಕೂತುಬಿಟ್ಟ. ಕಂಪನಿಯ ಇಂಜಿನಿಯರು ಯೋಗಾನರಸಿಂಹ ಎಂಬ ತೆಳ್ಳನೆಯ ಮನುಷ್ಯ ಅವನ ಹತ್ತಿರ ಹೋಗಿ ಹೇಳಿದರು.

"ನೋಡಯ್ಯ, ಮುಂದಿನದು ನಿನ್ನ ಜವಾಬ್ದಾರಿ, ಹಿಂದಿನದು ನನ್ನದು. ಗೊತ್ತಾಯ್ತೆ?"

"ನಮ್ಮಪ್ಪನೂವೆ ಇದ್ನೇ ಯೋಳ್ತಿದ್ದ ಸ್ವಾಮಿ."

ಇಂಜಿನಿಯರಿಗೆ ಇವನ ಅಪ್ಪನ ಕಥೆ ಗೊತ್ತಿರಲಿಲ್ಲ, ಸಂತೋಷಪಟ್ಟರು. ಜೀಪಿನ ಕನ್ನಡಿಯ ಮೇಲೆ ಸಣ್ಣತಾಯಮ್ಮ ಗಟ್ಟಿಯಾಗಿ ಸುತ್ತಿದ್ದ ಒಂದು ಮೊಳ ಕನಕಾಂಬರವನ್ನು ಅವರು ಗಮನಿಸಲಿಲ್ಲ. ಮಳವಳ್ಳಿ ಬಸ್ಸಿನ ಚಿಕ್ಕಣ್ಣನಿಗೆ ಮಾತ್ರ ಎಲ್ಲರ ಮುಂದೆ ಎಚ್ಚರಿಕೆ ಕೊಟ್ಟರು: ಕೆಂಪು ಬಾವುಟವನ್ನು ಹಿಂದಿನಿಂದ ದಾಟಿದವನ ಲೈಸನ್ಸು ಉಳಿಯುವುದಿಲ್ಲ.

ನಡಿಗೆಯ ವೇಗದಲ್ಲಿ ಹೊರಟೆವು. ಒಂದೊಂದು ಕೊಂಬೆಗೂ ನಿಂತು, ಒಂದೊಂದು ತಂತಿಗೂ ನಿಂತು, ಕೆ.ಎಂ. ದೊಡ್ಡಿ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ದೊಡ್ಡಿ ದಾಟಿ ಸ್ವಲ್ಪ ದೂರದಲ್ಲಿ ನಮ್ಮ ಟ್ರೇಲರಿನ ಎರಡು ಟೈರು ಒಟ್ಟಿಗೆ ಢಮ್ಮೆಂದವು. ಇಂಜಿನಿಯರು ಲೋಡನ್ನು ಕೆರೆಯ ಏರಿಯ ಬದಿಯ ಗಟ್ಟಿ ನೆಲಕ್ಕೆ ಎಳೆಸಿದರು. ನಾನು ದಿಮ್ಮಿ ಕೊಟ್ಟೆ. ನಾವೆಲ್ಲ ಪೀಪಿ ಊದಿದೆವು, ಕೂಗಿದೆವು. ಜೀಪು ಮಾತ್ರ ಗಂಭೀರವಾಗಿ ಮುಂದೆ ಹೋಗುತ್ತಲೇ ಇತ್ತು.

ಆಗ ಬೆಳಗಿನಿಂದ ನಮ್ಮ ಹಿಂದೆ ತೆವಳಿಕೊಂಡು ಬಂದಿದ್ದ ಚಿಕ್ಕಣ್ಣನ ಬಸ್ಸು ಪಕ್ಕಕ್ಕೆ ಬಂತು. ಇಂಜಿನಿಯರು ಟೈರಿನ ಕೆಳಗಿನಿಂದ ತಲೆ ಹೊರಹಾಕಿ ಹೇಳಿದರು: "ಡ್ರೈವರ್, ಮುಂದೆ ನಮ್ಮ ಜೀಪು ಹೋಗ್ತಿದೆ. ಲೋಡು ನಿಂತಿದೆ, ನೀನೂ ನಿಲ್ಲಬೇಕಂತೆ ಅಂತ ಹೇಳಿಬಿಡು."

ಇಡೀ ಮಂಡ್ಯ ಜಿಲ್ಲೆಯಲ್ಲಿ ಯಾರ ಮಾತನ್ನು ದೊಡ್ಡಸಿದ್ದಯ್ಯ ಸತ್ತರೂ ನಂಬುವುದಿಲ್ಲವೋ ಆ ಒಬ್ಬನ ಕೈಗೇ ಸಂದೇಶ ಹೋಯಿತು.

"ಅದ್ಕೇನು ಸ್ವಾಮಿ, ನಮ್ಮ ಬಾವನೇ ಅಲ್ವಾ? ಎಲ್ಡೇ ನಿಮ್ಸ" ಎಂದು ಚಿಕ್ಕಣ್ಣ ಹಲ್ಲು ಕಿರಿದು ಹೊರಟ.

ಎರಡು ನಿಮಿಷದಲ್ಲಿ ಜೀಪಿನ ಬೆನ್ನಿಗೆ ಬಂದ. ಹಾರನ್ನು ಹೊಡೆದ. ದೊಡ್ಡಸಿದ್ದಯ್ಯ ಅದು ಲೋಡಿನವರ ಹಾರನ್ನು ಎಂದುಕೊಂಡು, ಕೈಯನ್ನು ಹೊರಗೆ ಚಾಚಿ, ಅವಸರ ಬೇಡ, ನಿಧಾನಕ್ಕೆ ಬನ್ನಿ ಎಂದು ಅಂಗೈ ಆಡಿಸಿದ. ಚಿಕ್ಕಣ್ಣ ಮತ್ತೆ ಹೊಡೆದ. ಇವನು ಮತ್ತೆ ಆಡಿಸಿದ. ಜೀಪು ರಸ್ತೆಯ ನಟ್ಟನಡುವೆ. ಎಡಕ್ಕೆ ಹುಣಿಸೆ ಮರದ ಸಾಲು, ಬಲಕ್ಕೆ ನಾಲೆ. ಜಾಗವಿದ್ದರೂ ಬಾವುಟ ದಾಟುವಂತಿರಲಿಲ್ಲ. ಬಸ್ಸಿಗೆ ಮೊದಲ ಗೇರೇ ಗತಿಯಾಯಿತು. ಮೊದಲ ಗೇರಿನಲ್ಲಿ ಎಳೆಯುವ ಬಸ್ಸಿನ ಗೋಳು ಯಾವ ಟ್ರೇಲರಿಗೂ ಕಡಿಮೆಯದಲ್ಲ. ದೊಡ್ಡಸಿದ್ದಯ್ಯ ಆ ಸದ್ದು ಕೇಳಿ, ಲೋಡು ಚೆನ್ನಾಗಿ ಹೊಂದಿಕೊಂಡು ಬರುತ್ತಿದೆ ಎಂದು ತೃಪ್ತಿಪಟ್ಟ.

ಚಿಕ್ಕಣ್ಣ ಕಂಡಕ್ಟರು ಮುದ್ದಯ್ಯನನ್ನು ಇಳಿಸಿ ಓಡಿಸಿದ. ಓಡುವುದೇನೂ ಬೇಕಾಗಿರಲಿಲ್ಲ, ನಡೆದರೂ ಸಿಗುತ್ತಿತ್ತು.

"ಸಿದ್ದಯ್ಣೋ, ನಿಂತ್ಕ! ಇಂದೆ ಲೋಡಿಲ್ಲ ಕಣಣ್ಣ, ನಮ್ ಬಸ್ಸದೆ!"

"ಯಾರು ಕಳ್ಸುದ್ರಪ್ಪ ನಿನ್ನ?"

"ನಮ್ ಚಿಕ್ಕಣ್ಣ."

ದೊಡ್ಡಸಿದ್ದಯ್ಯ ಹೊಟ್ಟೆ ಹಿಡಿದು ನಕ್ಕ. "ಅಂಗನ್ನು! ಓಗಿ ಯೋಳು ನಿಮ್ ಡ್ರೈವರ್‌ಗೆ. ಚಕ್ರ ಕಳಚ್ತು ಅಂದ, ಅಜ್ಜಿ ಬಿದ್ಲು ಅಂದ. ಈಗ ಎಪ್ಪತ್ತು ಟನ್ನೇ ಮಾಯ ಆಯ್ತು ಅಂತಾನಾ? ಇಪ್ಪತ್ತೆಲ್ಡು ವರ್ಸ ತಿರುಗ್ದೇ ಇದ್ದೋನು ಖಾಕಿ ಆಕಂಡ ದಿವ್ಸ ತಿರುಗ್ತೀನಾ?"

"ನನ್ ಮಕ್ಕಳಾಣೆಗೂ ಅಣ್ಣ..."

"ನಿಂಗಿನ್ನೂ ಮದ್ವೆನೇ ಆಗಿಲ್ವಲ್ಲಾ ಮುದ್ದ! ನಡಿ, ನಡಿ. ಬಾವ್ಟದ ಅತ್ರ ನಿಲ್ಬೇಡ, ರೂಲ್ಸಿಲ್ಲ."

ಮುದ್ದಯ್ಯ ನಿಂತಲ್ಲೇ ನಿಂತ. ಬಸ್ಸು ತಾನಾಗಿ ಬಂದು ಅವನನ್ನು ಹತ್ತಿಸಿಕೊಂಡಿತು.

ಬಸ್ಸಿನಲ್ಲಿ ಎರಡನೇ ಸೀಟಿನಲ್ಲಿ ಅಗ್ರಹಾರದ ತಿರುಮಲಮ್ಮನವರು ಕೂತಿದ್ದರು. ಮಳವಳ್ಳಿಯಲ್ಲಿ ಅವರ ಮೊಮ್ಮಗಳು ಚೂಡಾಮಣಿಗೆ ಸೀಮಂತ. ಮಡಿಲಲ್ಲಿ ಚಕ್ಕುಲಿ ಡಬ್ಬ. "ಅವನು ತಿರುಗಿ ನೋಡೋಲ್ಲಪ್ಪ ಚಿಕ್ಕಣ್ಣ. ನಾನು ಕಾಣೆನೇ? ಸುಮ್ಮನೆ ಯಾಕೆ ಹಾರನ್ನು ಸವೆಸ್ತೀಯ" ಎಂದು ಅವರು ಡಬ್ಬ ತೆರೆದು ಸುತ್ತಮುತ್ತಲಿನವರಿಗೆ ಒಂದೊಂದು ಚಕ್ಕುಲಿ ಕೊಟ್ಟರು. ಹತ್ತಿರದ ಊರಿನವರು ಇಳಿದು ನಡೆದೇ ಬಸ್ಸಿಗಿಂತ ಮುಂದೆ ಹೋದರು. ಒಬ್ಬ ಮುಂದಿನ ಊರಿನಲ್ಲಿ ಕ್ಷೌರ ಮಾಡಿಸಿಕೊಂಡು, ನುಣ್ಣಗಾದ ಮುಖದಲ್ಲಿ ಅದೇ ಬಸ್ಸನ್ನು ಮತ್ತೆ ಹತ್ತಿದ.

ದಾರಿಯುದ್ದಕ್ಕೂ ಊರೂರಿನ ಜನ ಯಂತ್ರ ನೋಡಲು ಬೆಳಗಿನಿಂದ ಕಾದಿದ್ದರು. ಕೆಂಪು ಬಾವುಟ ಕಂಡಿತು. ಪೀಪಿ ಕೇಳಿಸಿತು. ಎತ್ತಿನ ಗಾಡಿಗಳೆಲ್ಲ ಗದ್ದೆಗೆ ಇಳಿದವು. ಕೊಡಲಿ ಹಿಡಿದು ನಿಂತಿದ್ದ ಕೆಂಪಯ್ಯ ಎಂಬುವನಿಗೆ ದೊಡ್ಡಸಿದ್ದಯ್ಯ ಅಪ್ಪಣೆ ಕೊಟ್ಟ: "ಅದಿನೆಂಟು ಅಡಿವರ್ಗೂ ಒಂದು ಕಡ್ಡೀನೂ ಇರ್ಬಾರ್ದು, ಹೊಡಿ!" ಕೆಂಪಯ್ಯ ಹೊಡೆದ. ಕೊಂಬೆಗಳು ಧಡಧಡ ಬಿದ್ದವು. ಬಸ್ಸು ಬಂತು.

"ಇದೇನ್ಲಾ, ಬೆಳಗಿನ್ ಬಸ್ಸು ಬಂತಲ್ಲ!" ಎಂದ ಕೆಂಪಯ್ಯ.

"ಎತ್ರ ಯಾವತ್ತಿನಷ್ಟೇ ಅದಲ್ಲ" ಎಂದ ಪಕ್ಕದವನು.

"ಒಳಗೇನೋ ಅದೆ ಕಣ್ಲಾ" ಎಂದಳು ಚಿಕ್ಕಬೋರಮ್ಮ ಎಂಬ ಮುದುಕಿ. "ಸುಮ್ಸುಮ್ಕೆ ಸರ್ಕಾರದೋರು ಮರ ಕಡುಸ್ತಾರಾ?" ಎಂದು ಕಿಟಕಿಯೊಳಗೆ ಇಣುಕಿದಳು. ಒಳಗೆ ಬಿಳಿ ಕೂದಲಿನ ತಿರುಮಲಮ್ಮನವರು ಶಾಂತವಾಗಿ ಕೂತು ಚಕ್ಕುಲಿ ಹಂಚುತ್ತಿದ್ದರು. ಮುದುಕಿ ಕೈಮುಗಿದಳು. ತಿರುಮಲಮ್ಮನವರು ಅವಳಿಗೂ ಒಂದು ಕೊಟ್ಟರು. ಅಲ್ಲಿಗೆ ತೀರ್ಮಾನವಾಯಿತು. ಯಾರೋ ಬಹಳ ದೊಡ್ಡ ತಾಯಿ ಬರುತ್ತಿದ್ದಾರೆ, ಅಲುಗಾಡಿಸಬಾರದಂತೆ, ಅದಕ್ಕೇ ಬಸ್ಸು ಇಷ್ಟು ಮೆಲ್ಲಗೆ. ಈ ಮಾತು ನಡೆಯುವವರ ಕಾಲಿನಲ್ಲಿ ಬಸ್ಸಿಗಿಂತ ಮೊದಲೇ ಮುಂದಿನ ಊರಿಗೆ ಹೋಯಿತು.

ಮುಂದೆ ತಂತಿ ಎತ್ತುವ ಲೈನ್‌ಮನ್ನು ಮಾದಯ್ಯ ಕವಲು ಬಿದಿರು ಹಿಡಿದು ಕಾಯುತ್ತಿದ್ದ. ಬೆಳಿಗ್ಗೆಯೇ ಆ ಲೈನಿನ ಕರೆಂಟು ತೆಗೆಸಿದ್ದರು. ಅವನು ಎಂಟು ಅಡಿ ಎತ್ತರದ ಬಸ್ಸಿಗೆ ಇಪ್ಪತ್ತು ಅಡಿ ಮೇಲಿನ ತಂತಿಯನ್ನು ಇನ್ನಷ್ಟು ಎತ್ತಿದ.

"ಮಾದಯ್ಯ, ನಿಂಗೇನು ತಲೆ ಕೆಟ್ಟದಾ? ಇದು ಬಸ್ಸು ಕಣಯ್ಯ!" ಎಂದು ಚಿಕ್ಕಣ್ಣ ಕೂಗಿದ.

"ಕಣ್ಣು ಕಾಣ್ತದೆ ನಂಗೆ. ಕೆಂಪು ಬಾವ್ಟದ ಇಂದೆ ಬರೋದುಕ್ಕೆ ತಂತಿ ಎತ್ತು ಅಂತ ಆರ್ಡ್ರಾಗದೆ. ಏನು ಬತ್ತದೆ ಅಂತ ಆರ್ಡ್ರಲ್ಲಿ ಬರ್ದಿಲ್ಲ. ನಡಿ ಸುಮ್ಕೆ."

ನಾಳೆ ಯಾರಾದರೂ ಕೇಳಿದರೆ ಎಂದು ಎತ್ತಿದ ತಂತಿಯನ್ನು ಹಾಗೇ ಹಗ್ಗ ಹಾಕಿ ಮೇಲೆ ಕಟ್ಟಿದ. ದಿನಕ್ಕೆ ಎರಡು ಸಲ ಎತ್ತುವುದು ಅವನ ಕೈಲಾಗದ ಮಾತು.

ಹೀಗೆ ಮೂರು ತಾಸು ಕಳೆದ ಮೇಲೆ ಮಳವಳ್ಳಿ ಬಂತು. ಊರ ಬಾಗಿಲಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರು ವೆಂಕಟರಾಮಯ್ಯನವರು ವಾಲಗದವರನ್ನೂ ಶಾಲೆಯ ಮಕ್ಕಳನ್ನೂ ನಿಲ್ಲಿಸಿಕೊಂಡು, ಯಂತ್ರಕ್ಕೆ ಹಾಕಲು ಆಳೆತ್ತರದ ಹಾರ ಹಿಡಿದು ಕಾಯುತ್ತಿದ್ದರು. ಅಷ್ಟರಲ್ಲಿ ದೊಡ್ಡ ತಾಯಿಯ ಸುದ್ದಿಯೂ ಬಂದು, ಐದಾರು ಹೆಂಗಸರು ಆರತಿ ತಟ್ಟೆ ತಂದಿದ್ದರು. ಯಂತ್ರಕ್ಕೋ ತಾಯಿಗೋ ಎಂದು ಇನ್‌ಸ್ಪೆಕ್ಟರಿಗೆ ಗೊಂದಲ. ಕಾಗದದಲ್ಲಿ ಯಂತ್ರ ಎಂದಿತ್ತು, ಜನರ ಬಾಯಲ್ಲಿ ತಾಯಿ ಎಂದಿತ್ತು. ಕಣ್ಣೆದುರು ಬಸ್ಸು ಇತ್ತು. ಸರ್ಕಾರಿ ನೌಕರ ಏನು ಮಾಡಬೇಕು? "ಊದ್ರಯ್ಯ!" ಎಂದರು. ವಾಲಗ ಮೊಳಗಿತು. ಹಾರ ಬಸ್ಸಿನ ಮೂತಿಗೆ ಬಿತ್ತು. ಚಿಕ್ಕಣ್ಣನ ಹಣೆಗೆ ಕುಂಕುಮ ಬಿತ್ತು. ಜೀಪು ಇಷ್ಟಕ್ಕೂ ನಿಲ್ಲಲಿಲ್ಲ. ಅದು ಗದ್ದಲವನ್ನು ಸೀಳಿಕೊಂಡು ಬ್ಲಫಿನ ದಾರಿ ಹಿಡಿಯುವುದರಲ್ಲಿತ್ತು.

ತಿರುಮಲಮ್ಮನವರು ಬಸ್ಸಿನಿಂದ ಇಳಿದರು. ಆರತಿಯವರನ್ನು ಪಕ್ಕಕ್ಕೆ ಸರಿಸಿ, ಕೊಡೆ ಊರಿಕೊಂಡು ಮೆಲ್ಲಗೆ ನಡೆದು, ಜೀಪಿನ ಹಿಂದಿನ ತಗಡಿಗೆ ಕೊಡೆಯ ಹಿಡಿಯಿಂದ ಎರಡು ಸಲ ಬಡಿದರು.

ಟಕ್ ಟಕ್.

ಜೀಪು ನಿಂತಿತು.

"ಹುಷಾರಾಗಿ ಇಳೀರಿ ಅಮ್ಮಾರೆ" ಎಂದ ದೊಡ್ಡಸಿದ್ದಯ್ಯ, ಮುಂದಕ್ಕೇ ನೋಡುತ್ತ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ನಾನು ಕಣೋ, ತಿರುಮಲಮ್ಮ. ನಿನ್ನ ಹಿಂದೆ ಲೋಡಿಲ್ಲ ಸಿದ್ದಯ್ಯ. ದೊಡ್ಡಿಯಿಂದ ಈ ಬಸ್ಸನ್ನೇ ಕರ್ಕೊಂಡು ಬಂದಿದ್ದೀಯ."

ಆಗಲೂ ಅವನು ತಿರುಗಲಿಲ್ಲ. ಆದರೆ ಅಮ್ಮನವರ ಮಾತು ಸುಳ್ಳಾಗುವ ಹಾಗಿರಲಿಲ್ಲ. ಇಂಜಿನ್ನು ಆರಿಸಿ, ಬಾವುಟ ಕೈಗೆ ತೆಗೆದುಕೊಂಡು ಕೆಳಗಿಳಿದ. ಖಾಕಿ ಹೋಯಿತು, ಕುದುರೆ ಮೊದಲೇ ಹೋಗಿದೆ, ಮನೆಯಲ್ಲಿ ಸಣ್ಣತಾಯಮ್ಮ ಇದ್ದಾಳೆ. ಚಿಕ್ಕಣ್ಣ ಕುಂಕುಮದ ಹಣೆಯಲ್ಲಿ ಓಡಿಬಂದು, "ನಾ ಯೋಳ್ನಿಲ್ವಾ ಬಾವ? ಯೋಳ್ನಿಲ್ವಾ?" ಎಂದು ಕುಣಿಯತೊಡಗಿದ.

"ಯೋಳ್ದೆ ಕಣ್ಲಾ. ಆದ್ರೆ ನೀನು ಯೋಳ್ದೆಯಲ್ಲ, ಅದೇ ತೊಂದ್ರೆ ಆಗಿದ್ದು" ಎಂದ ದೊಡ್ಡಸಿದ್ದಯ್ಯ ಸಣ್ಣ ದನಿಯಲ್ಲಿ.

ಈಗ ನಮ್ಮ ಕಡೆಯ ವಿಷಯ. ಟೈರು ಹಾಕಲು ನಮಗೆ ಒಂದೂವರೆ ಗಂಟೆ ಹಿಡಿಯಿತು. ಜೀಪಿಲ್ಲದೆ ಹೊರಡುವ ಹಾಗಿಲ್ಲ, ನಿಂತರೆ ಕತ್ತಲಾಗುತ್ತದೆ. ಇಂಜಿನಿಯರು ಹಲ್ಲು ಕಡಿಯುತ್ತ ತಾವೇ ಒಂದು ಕೆಂಪು ಟವಲು ಹಿಡಿದು ಮುಂದೆ ನಡೆದರು. ನೋಡಿದರೆ ದಾರಿ ಅಂಗೈಯಂತೆ ಬೋಳಾಗಿತ್ತು. ಹದಿನೆಂಟು ಅಡಿಯವರೆಗೆ ಒಂದು ಕಡ್ಡಿ ಇಲ್ಲ. ತಂತಿಗಳೆಲ್ಲ ಮೇಲೆ ಕಟ್ಟಿವೆ. ಗಾಡಿಗಳು ಗದ್ದೆಯಲ್ಲಿವೆ. ಜನ ನೋಡಬೇಕಾದದ್ದನ್ನು ನೋಡಿಯಾಯಿತೆಂದು ಊಟಕ್ಕೆ ಹೋಗಿದ್ದಾರೆ. ಇಂಜಿನಿಯರು ಟವಲು ಮಡಿಚಿಟ್ಟು ಟ್ರೇಲರು ಹತ್ತಿ ಕೂತರು. ನಾವೂ ಹತ್ತಿದೆವು. ಮಳವಳ್ಳಿಯವರೆಗೆ ನನ್ನ ದಿಮ್ಮಿಗೆ ಒಂದು ಸಲವೂ ಕೆಲಸ ಬೀಳಲಿಲ್ಲ. ಅಷ್ಟು ಸರಾಗವಾದ ಪಯಣವನ್ನು ನಾನು ಆಮೇಲೂ ಕಂಡಿಲ್ಲ.

ನಾವು ಊರ ಬಾಗಿಲು ಮುಟ್ಟಿದಾಗ ವಾಲಗದವರು ಇನ್ನೂ ಊದುತ್ತಿದ್ದರು, ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಭೂಮಿ ನಡುಗಿತು. ಜನವೆಲ್ಲ ಬಾಯಿ ತೆರೆದು ನಮ್ಮ ಕಡೆ ತಿರುಗಿದರು. ತಿರುಗದವನು ಒಬ್ಬನೇ, ಬಾವುಟ ಹಿಡಿದು, ನಮಗೆ ಬೆನ್ನು ಕೊಟ್ಟು, ನೇಣಿಗೆ ನಿಂತವನ ಹಾಗೆ ನಿಂತಿದ್ದ.

ಇಂಜಿನಿಯರು ಇಳಿದು ಬಂದರು. ಮೊದಲು ಜೀಪಿನ ಕನ್ನಡಿ ನೋಡಿದರು.

"ಏನಯ್ಯ ಇದು? ಕನ್ನಡಿಗೆ ಹೂವು ಯಾಕೆ ಸುತ್ತಿದ್ದೀಯ?"

"ಇಂದೆ ಕೂತಿರೋರು ಕಾಣ್ಬಾರ್ದು ಅಂತ ಸ್ವಾಮಿ. ಮರ್ವಾದೆ ಅಲ್ಲ."

"ಹಿಂದೆ ಇರೋದು ಎಪ್ಪತ್ತು ಟನ್ ಕಬ್ಬಿಣ ಕಣಯ್ಯ!"

"ಏನಾರ ಆಗಿರ್ಲಿ ಸ್ವಾಮಿ. ನನ್ನ ನಂಬ್ಕಂಡು ಇಂದೆ ಬತ್ತಾ ಅದಲ್ಲ."

ಇಂಜಿನಿಯರು ಏನೋ ಹೇಳಲು ಬಾಯಿ ತೆರೆದರು. ಬೈಗುಳವೇ ಇರಬೇಕು. ಅಷ್ಟರಲ್ಲಿ ಕೈಗಡಿಯಾರದ ಮೇಲೆ ಕಣ್ಣು ಬಿತ್ತು. ಮೂರೂವರೆ. ಟೈರು ಒಡೆದಾಗ, ಇನ್ನು ಮಳವಳ್ಳಿ ಮುಟ್ಟುವುದು ನಾಳೆ ಮಧ್ಯಾಹ್ನವೇ ಎಂದು ಅವರು ಲೆಕ್ಕ ಹಾಕಿದ್ದರು. ಒಂದು ಸುತ್ತು ಜೀಪಿನ ಸುತ್ತ ನಡೆದರು. ತಿರುಮಲಮ್ಮನವರು ಉಳಿದ ಒಂದೇ ಚಕ್ಕುಲಿಯನ್ನು ಅವರ ಕೈಗಿಟ್ಟರು. ತಿನ್ನುತ್ತ ಯೋಚಿಸಿದರು.

"ನೂರು ಗಜ ಅಂತ ನಾನು ಹೇಳಿದ್ದೇ ತಪ್ಪು" ಎಂದರು ಕೊನೆಗೆ. "ಇನ್ನು ಮೇಲೆ ನೀನು ಎರಡು ಗಂಟೆ ಮುಂಚೆ ಹೊರಡು. ನಾವು ಆಮೇಲೆ ಬರ್ತೀವಿ. ನೀನು ತಿರುಗಿ ನೋಡೋದೂ ಬೇಡ, ನಾವು ಕೂಗೋದೂ ಬೇಡ."

"ಕೆಲ್ಸ ಸ್ವಾಮಿ?"

"ಖಾಯಂ. ಆದರೆ ಕನ್ನಡಿಗೆ ದಿನಾ ಹೊಸ ಹೂವು ಹಾಕಬೇಕು, ಬಾಡಿದ್ದು ನೋಡೋಕಾಗೋಲ್ಲ."

ವಾಲಗದವರು ಯಾರೂ ಹೇಳದೆಯೇ ರಾಗ ಬದಲಾಯಿಸಿದರು. ದೊಡ್ಡಸಿದ್ದಯ್ಯನಿಗೆ ಹಾಕೋಣವೆಂದರೆ ಹಾರವಿರಲಿಲ್ಲ. ಚಿಕ್ಕಣ್ಣನೇ ಹೋಗಿ ಬಸ್ಸಿನ ಮೂತಿಯಿಂದ ಬಿಚ್ಚಿ ತಂದು ಬಾವನ ಕೊರಳಿಗೆ ಹಾಕಿದ. ಅದು ಯಂತ್ರದ ಅಳತೆಯ ಹಾರ. ಪಾದ ದಾಟಿ ಎರಡು ಮೊಳ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಹಿಡಿದುಕೊಂಡೇ ಜೀಪು ಹತ್ತಿದ. "ನಿಮ್ ಮಾಲು ಬಂತಲ್ಲ ಸ್ವಾಮಿ, ಬತ್ತೀನಿ" ಎಂದು ಪೀಪಿ ಊದಿ ಬ್ಲಫಿನ ದಾರಿ ಹಿಡಿದ.

ಮೂರನೇ ದಿನ ಮನೆಗೆ ಬಂದಾಗ ಸಣ್ಣತಾಯಮ್ಮ ಕಾಲಿಗೆ ನೀರು ಕೊಟ್ಟು, ಕೋಳಿ ಸಾರು ಮಾಡಿ, ಬೀದಿಯವರನ್ನೆಲ್ಲ ಜಗಲಿಗೆ ಕರೆದಳು. ನಾನೂ ಹೋಗಿದ್ದೆ. ಚಿಕ್ಕಣ್ಣನೂ ಬಂದು ಮೂಲೆಯಲ್ಲಿ ಮರ್ಯಾದೆಯಾಗಿ ಕೂತಿದ್ದ.

"ಎಲ್ಲಾರ್ಗೂ ಕೇಳಂಗೆ ಯೋಳು" ಎಂದಳು ಸಣ್ಣತಾಯಮ್ಮ, ಮುದ್ದೆ ಬಡಿಸುತ್ತ. "ಆ ಯಂತ್ರ ಎಷ್ಟು ದೊಡ್ಡದಿತ್ತು? ಯೆಂಗಿತ್ತು?"

ದೊಡ್ಡಸಿದ್ದಯ್ಯ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ನೀರು ಕುಡಿದ.

"ನಂಗೇನಮ್ಮಿ ಗೊತ್ತು?" ಎಂದ. "ಇಂದೆ ಕೂತಿದ್ದೋರ್ನ ಕೇಳು."